ಬುಟ್ಟಿಯ ಬುಡದಲ್ಲಿ ನೆಟ್ಟ ಗೂಟ

ಸರಿಬುಲಾಕ್, 3 ಸೆಪ್ಟೆಂಬರ್ 1984

ನನ್ನ ಉದ್ದನೆಯ ಸೋದರಳಿಯ ಶಿನ್‌ಬೋಲತ್,

ನಿನ್ನನ್ನು ಅಲ್ಮಾ-ಅತಾದ ರೈಲು ಹತ್ತಿಸಲು ಆದ ಖರ್ಚು ಇಷ್ಟು. ಕೊಬ್ಬಿದ ಹೆಣ್ಣುಕುದುರೆ ಒಂದು. ಕುರಿ ಎರಡು. ನಿನ್ನ ಐವತ್ತೆರಡರ ಅಳತೆಗೆ ಬೂಟು ಹೊಲಿದುಕೊಟ್ಟ ಕೊರಿಯನ್ ಮುದುಕ ಪಾಕ್‌ನಿಗೆ ನಮ್ಮ ಕಾರ್ಖಾನೆಯ ಉಗ್ರಾಣದಿಂದ ಸಕ್ಕರೆ ಮೂಟೆ ಒಂದು. ದಾಖಲೆಯ ಪ್ರಕಾರ ಅದು ಮಳೆಗೆ ಕರಗಿಹೋಯಿತು. ಬೀಳ್ಕೊಡುಗೆಯ ಔತಣದ ದಿನ ನೀನು ಬಗ್ಗಲು ಮರೆತು ಒಡೆದುಹಾಕಿದ ನಮ್ಮ ಬಾಗಿಲಿನ ಮೇಲ್ಪಟ್ಟಿ ಒಂದು. ನಿನ್ನ ಅಮ್ಮ, ಅಂದರೆ ನನ್ನ ತಂಗಿ ಕುಲ್ಯಾಶ್ ಸುರಿಸಿದ ಕಣ್ಣೀರು. ಅದನ್ನು ಅಳೆಯುವ ಪಾತ್ರೆ ಉಗ್ರಾಣದಲ್ಲಿ ಇಲ್ಲ. ಇದೆಲ್ಲ ಒಂದೇ ಒಂದು ಕೆಲಸಕ್ಕೆ: ಎರಡು ಮೀಟರು ಹತ್ತೊಂಬತ್ತು ಸೆಂಟಿಮೀಟರಿನ ಒಬ್ಬ ಹುಡುಗ ಬ್ಯಾಸ್ಕೆಟ್‌ಬಾಲಿನ ಒಂದು ಕಬ್ಬಿಣದ ಬಳೆಯ ಕೆಳಗೆ ಹೋಗಿ ನಿಲ್ಲಲಿ ಎಂದು.

ಹೀಗಿರುವಾಗ ಔತಣದ ನಡುವೆ ನೀನು ಜೇಬಿನಿಂದ ಪತ್ರಿಕೆಯ ತುಂಡು ತೆಗೆದು, "ಮಾಮ, ಈ ವರ್ಷದಿಂದ ದೂರಕ್ಕೊಂದು ಹೊಸ ಗೀಟು ಎಳೀತಾರಂತೆ. ಅದರಾಚೆಯಿಂದ ಹಾಕಿದ್ರೆ ಎರಡಲ್ಲ, ಮೂರು ಅಂಕ ಅಂತೆ. ನಾನೂ ಅಲ್ಲಿಂದ ಎಸೀಲಾ?" ಎಂದು ಕೇಳಿದೆಯಲ್ಲ, ನನಗೆ ಮಾಂಸದ ತುಂಡು ಗಂಟಲಲ್ಲೇ ನಿಂತಿತು. ಮುದುಕರೆಲ್ಲ ನಕ್ಕರು. ಸಪಾರ್ ಅಜ್ಜ, "ಏ, ಒಂಟೆ ಹುಲ್ಲಿನ ಮೆದೆ ಬುಡದಲ್ಲಿ ನಿಂತ್ಕೊಂಡು, ಅದನ್ನ ದೂರದಿಂದ ಉಗುಳಿ ಹೊಡೀತೀನಿ ಅಂತಿದೆ ನೋಡ್ರೋ!" ಎಂದ.

ಅದಕ್ಕೇ ನಾನು ಎದ್ದು ಅಂಗೈ ಬಿಚ್ಚಿ ಬಾತಾ ಹೇಳಿ ಹರಸಿದ್ದು. ನನ್ನ ಬಾತಾ ಕೇಳಲು ಜನ ಮೂರು ಊರು ದಾಟಿ ಬರುತ್ತಾರೆ ಎಂಬುದು ನಿನಗೆ ಗೊತ್ತು. "ಬುಟ್ಟಿಯ ಬುಡದಲ್ಲಿ ನೆಟ್ಟ ಗೂಟವಾಗು. ನಿನ್ನ ಸುತ್ತ ಎಲ್ಲ ಕುದುರೆಗಳೂ ಸುತ್ತಲಿ. ದೂರದಿಂದ ಎಸೆಯುವ ಕೈ ನಿನ್ನದಾಗದಿರಲಿ." ಇಡೀ ಮನೆ ಔಮಿನ್ ಎಂದು ಮುಖ ಸವರಿಕೊಂಡಿತು. ನೀನೂ ಸವರಿಕೊಂಡೆ. ಅಲ್ಲಿಗೆ ಆ ಪತ್ರಿಕೆಯ ತುಂಡಿನ ಕಥೆ ಮುಗಿಯಿತು.

ಚೆನ್ನಾಗಿ ತಿನ್ನು. ರೈಲು ಗೋದಾಮಿನಲ್ಲಿ ಮೂಟೆ ಹೊತ್ತು ಮೇಲೆ ಬಂದ ಈ ಗಿಡ್ಡ ಮಾಮನ ಹೆಸರು ಉಳಿಸು.

ಜುಮಾದಿಲ್

*

ಅಲ್ಮಾ-ಅತಾ, 30 ಸೆಪ್ಟೆಂಬರ್ 1984

ಪ್ರೀತಿಯ ಮಾಮನಿಗೆ,

ಕಾಗದ ತಲುಪಿತು. ವಸತಿಗೃಹದಲ್ಲಿ ನನ್ನ ಮಂಚದ ತುದಿಗೆ ಒಂದು ಬೆಂಚು ಸೇರಿಸಿ ಕೊಟ್ಟಿದ್ದಾರೆ. ಅಡುಗೆಯವಳು ಎರಡು ಪಾಲು ಬಡಿಸುತ್ತಾಳೆ. ಅಮ್ಮನಿಗೆ ಹೇಳಿ.

ನಮ್ಮ ಕೋಚ್ ಗೆನ್ರಿಖ್ ಆದಮೊವಿಚ್ ಕಡಿಮೆ ಮಾತಿನವರು. ಸೀಟಿಯಲ್ಲೇ ಮಾತಾಡುತ್ತಾರೆ. ನನ್ನನ್ನು ಬುಟ್ಟಿಯ ಕೆಳಗೇ ಇಟ್ಟಿದ್ದಾರೆ. ಆದರೆ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ ಮಾಮ, ನಿಯಮ. ಕಾಲು ಹೊರಗಿಟ್ಟು ಮತ್ತೆ ಒಳಗಿಡುತ್ತೇನೆ. ಗೂಟ ಅಲುಗಾಡಿತು ಎಂದು ಕೋಪಿಸಿಕೊಳ್ಳಬೇಡಿ.

ಹೊಸ ಗೀಟು ಎಳೆದಿದ್ದಾರೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಮೊನ್ನೆ ಅಭ್ಯಾಸ ಮುಗಿದು ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಅಲ್ಲಿ ಸುಮ್ಮನೆ ನಿಂತೆ. ಚಿಕ್ಕಂದಿನಲ್ಲಿ ನಿಮ್ಮ ಹಿತ್ತಲಲ್ಲಿ ಕುರಿಯ ಕೀಲುಮೂಳೆ ಆಡುತ್ತಿದ್ದೆವಲ್ಲ, ದೂರ ನಿಂತು ಸಾಲಾಗಿ ಇಟ್ಟ ಮೂಳೆಗೆ ಗುರಿ ಹಿಡಿದು? ನೀವು ಕೊಟ್ಟ ಕೆಂಪು ಬಣ್ಣದ ದೊಡ್ಡ ಮೂಳೆ ಕೈಯಲ್ಲಿದ್ದಾಗ ಹೇಗೆ ಅನ್ನಿಸುತ್ತಿತ್ತೋ, ಚೆಂಡು ಹಿಡಿದಾಗ ಹಾಗೇ ಅನ್ನಿಸಿತು. ಅಭ್ಯಾಸ ಆಟವಲ್ಲವಲ್ಲ ಎಂದುಕೊಂಡು ಒಂದು ಎಸೆದೆ. ಬಿತ್ತು. ಇನ್ನೊಂದು ಎಸೆದೆ. ಅದೂ ಬಿತ್ತು. ಬಳೆ ತಾಗಲಿಲ್ಲ.

ಆಟದಲ್ಲಿ ಎಸೆಯುವುದಿಲ್ಲ. ನಿಮ್ಮ ಬಾತಾ ನೆನಪಿದೆ. ಆದರೂ ಒಮ್ಮೆ ಕೇಳೋಣ ಅನ್ನಿಸಿತು, ನಿಮ್ಮ ಮನಸ್ಸೇನಾದರೂ ಬದಲಾಗಿದೆಯೇ ಎಂದು.

ಶಿನ್‌ಬೋಲತ್

*

ಸರಿಬುಲಾಕ್, 14 ಅಕ್ಟೋಬರ್ 1984

ಅಳಿಯ,

ಬದಲಾಗಿಲ್ಲ. ಲೆಕ್ಕ ಹಾಕಿಯೇ ಹೇಳುತ್ತೇನೆ. ನಾನು ಶಾಲೆ ಕಲಿತದ್ದು ನಾಲ್ಕೇ ತರಗತಿ, ಆದರೆ ಲೆಕ್ಕದ ಮಣಿಚೌಕಟ್ಟಿನ ಮುಂದೆ ಕೂತರೆ ಕಾರ್ಖಾನೆಯ ಇಂಜಿನಿಯರನೂ ನನ್ನ ಬೆರಳನ್ನೇ ನೋಡುತ್ತಾನೆ.

ಬುಟ್ಟಿಯ ಕೆಳಗಿನಿಂದ ನೀನು ಹತ್ತು ಸಲ ಹಾಕಿದರೆ ಏಳು ಬೀಳುತ್ತದೆ ಎಂದು ನಿಮ್ಮ ಕೋಚೇ ನನಗೆ ಟೆಲಿಫೋನಿನಲ್ಲಿ ಹೇಳಿದ. ಹದಿನಾಲ್ಕು ಅಂಕ. ಗೀಟಿನಾಚೆಯಿಂದ ಭೂಮಿಯ ಮೇಲಿನ ಯಾವ ಮನುಷ್ಯನಾದರೂ ಹತ್ತಕ್ಕೆ ನಾಲ್ಕು ಹಾಕಿದರೆ ಹೆಚ್ಚು. ಹನ್ನೆರಡು. ಎರಡು ಅಂಕ ನಷ್ಟ. ಅಷ್ಟೇ ಅಲ್ಲ, ನೀನು ದೂರ ಹೋಗಿ ನಿಂತರೆ ತಪ್ಪಿದ ಚೆಂಡನ್ನು ಬುಟ್ಟಿಯ ಕೆಳಗೆ ಹಿಡಿಯುವವರು ಯಾರು? ಏಣಿಯನ್ನು ಗೋಡೆಯಿಂದ ದೂರ ಇಟ್ಟು ಹಣ್ಣು ಕೀಳಲು ಆಗುತ್ತದೆಯೇ? ದೇವರು ನಿನ್ನನ್ನು ಅಷ್ಟೆತ್ತರ ಎಳೆದದ್ದು ಗಿಡ್ಡರ ಕೆಲಸ ಮಾಡಲಿ ಎಂದಲ್ಲ. ದೂರದಿಂದ ಎಸೆಯುವುದು ನನ್ನಂಥವರ ಪಾಡು. ನನಗೆ ಕೈಗೆ ಸಿಗದ್ದನ್ನೆಲ್ಲ ನಾನು ಜೀವನವಿಡೀ ದೂರದಿಂದಲೇ ಎಸೆದು ಬೀಳಿಸಿದ್ದು. ನಿನಗೆ ಆ ಬವಣೆ ಬೇಡ.

ಇನ್ನು ಖಾಲಿ ಅಂಕಣದಲ್ಲಿ ಎರಡು ಬಿತ್ತು ಎಂದೆ. ಖಾಲಿ ಬಯಲಿನಲ್ಲಿ ನಮ್ಮ ಮುದಿ ಕತ್ತೆಯೂ ಓಟದಲ್ಲಿ ಮೊದಲು ಬರುತ್ತದೆ.

ಕುಲ್ಯಾಶ್ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಒಂದು ಮುಗಿಯುವಷ್ಟರಲ್ಲಿ ಉಣ್ಣೆ ಮುಗಿಯಿತು.

ಜುಮಾದಿಲ್

*

ಅಲ್ಮಾ-ಅತಾ, 20 ಡಿಸೆಂಬರ್ 1984

ಮಾಮನಿಗೆ,

ತಡವಾಯಿತು, ಕ್ಷಮಿಸಿ. ಹನ್ನೊಂದು ಆಟ ಆಡಿದೆವು, ಏಳು ಗೆದ್ದೆವು. ಪತ್ರಿಕೆಯಲ್ಲಿ ನನ್ನ ಫೋಟೊ ಬಂದಿದೆ. ತಲೆ ಫೋಟೊದಿಂದ ಹೊರಗೆ ಉಳಿದಿದೆ, ಆದರೂ ಅದು ನಾನೇ.

ಬುಟ್ಟಿಯ ಕೆಳಗೆ ಜಾಗ ಕಡಿಮೆ. ಮೂವರು ಒಟ್ಟಿಗೆ ನನ್ನ ಮೇಲೆ ಒರಗುತ್ತಾರೆ. ಎದ್ದು ಹಾರುವುದು ಕಷ್ಟವಲ್ಲ, ಇಳಿಯುವಾಗ ಎಲ್ಲಿ ಇಳಿಯುತ್ತೇನೆ ಎನ್ನುವುದು ಗೊತ್ತಾಗುವುದಿಲ್ಲ. ಎಡ ಮೊಣಕಾಲು ಸಂಜೆಯ ಹೊತ್ತು ಸ್ವಲ್ಪ ಬೆಚ್ಚಗಿರುತ್ತದೆ. ಚಿಂತೆ ಮಾಡುವಂಥದ್ದಲ್ಲ.

ಒಂದು ಸಂಗತಿ ಆಯಿತು. ನಮ್ಮ ತಂಡದಲ್ಲಿ ವಿತ್ಯಾ ಎಂಬುವನಿದ್ದಾನೆ, ಚೆಂಡು ನಡೆಸುವವನು, ತುಂಬಾ ಮಾತಿನವನು. ಅಭ್ಯಾಸ ಆದ ಮೇಲೆ ನಾನು ದೂರದಿಂದ ಎಸೆಯುವುದನ್ನು ಕದ್ದು ನೋಡಿ, ಕೋಚ್‌ನನ್ನೇ ಕರೆದುಕೊಂಡು ಬಂದ. "ಆದಮೊವಿಚ್, ಬನ್ನಿ ಬನ್ನಿ, ನಮ್ಮ ಲಾಂದ್ರದ ಕಂಬಕ್ಕೆ ಕೈ ಮೊಳೆತಿದೆ!" ಎಂದು. ಕೋಚ್ ಗೋಡೆಗೆ ಒರಗಿ ನಿಂತು ಇಪ್ಪತ್ತು ಎಸೆತ ನೋಡಿದರು. ಹನ್ನೊಂದು ಬಿತ್ತು. ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು. "ಆಟದಲ್ಲೂ ಎಸಿ. ನಿನ್ನ ಹಿಡಿಯೋನು ದೂರ ಬರ್ತಾನೆ, ಒಳಗಡೆ ಜಾಗ ಆಗುತ್ತೆ. ನಿನ್ನ ಕಾಲಿಗೂ ಒಳ್ಳೇದು" ಎಂದರು.

ಆಗುವುದಿಲ್ಲ, ನಮ್ಮ ಮಾಮನ ಬಾತಾ ಇದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ವಿತ್ಯಾ ಅರ್ಥ ಮಾಡಿಸಲು ನೋಡಿದ. "ನಿನ್ ಮಾಮ ಏನು ತೀರ್ಪುಗಾರನಾ? ಸರಿಬುಲಾಕ್‌ನಿಂದ ಸೀಟಿ ಊದ್ತಾನಾ?" ಎಂದು ಕೋಚ್ ಕೇಳಿದರು.

ಮಾಮ, ಇಪ್ಪತ್ತಕ್ಕೆ ಹನ್ನೊಂದು ಎಂದರೆ ಹತ್ತಕ್ಕೆ ಐದೂವರೆ. ನಿಮ್ಮ ಹಾಗೆ ಲೆಕ್ಕ ಹಾಕಿದೆ. ಹದಿನಾರೂವರೆ ಬಂತು. ನಾನು ತಪ್ಪಿದ್ದರೆ ತಿಳಿಸಿ.

ಶಿನ್‌ಬೋಲತ್

*

ಸರಿಬುಲಾಕ್, 11 ಜನವರಿ 1985

ಅಳಿಯ,

ನಿನ್ನ ತಲೆಯಿಲ್ಲದ ಫೋಟೊವನ್ನು ಕಾರ್ಖಾನೆಯ ಗೋಡೆಗೆ ಅಂಟಿಸಿದ್ದೇವೆ. ಹೊಸದಾಗಿ ಬಂದ ಗುಮಾಸ್ತೆ, "ಇದು ಯಾರು?" ಎಂದಳು. "ನಮ್ಮ ಸೋದರಳಿಯ. ಉಳಿದರ್ಧ ಮೇಲಿನ ಮಹಡೀಲಿದೆ" ಎಂದೆ.

ನಿನ್ನ ಲೆಕ್ಕ ಸರಿ. ಲೆಕ್ಕದ ಹಿಂದಿನ ಮನುಷ್ಯನನ್ನು ನೀನು ಓದಿಲ್ಲ. ಕೋಚ್ ನಿನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ. ಹೊಸಬನಿಗೆ ಸಿಹಿ ತೋರಿಸಿ, ಕೈ ಚಾಚುತ್ತಾನೋ ಇಲ್ಲವೋ ನೋಡುವುದು. ನಾನು ಉಗ್ರಾಣಕ್ಕೆ ಆಳು ತೆಗೆದುಕೊಳ್ಳುವಾಗ ಇದನ್ನೇ ಮಾಡುತ್ತೇನೆ. ನೀನು ಚಾಚಲಿಲ್ಲ, ಗೆದ್ದೆ. ಬಾತಾಕ್ಕೆ ಅಂಟಿಕೊಂಡಿದ್ದೀಯ ಎಂದು ಸಪಾರ್ ಅಜ್ಜನಿಗೆ ಓದಿ ಹೇಳಿದೆ. ಮುದುಕ ಅತ್ತ. "ಇಂಥ ಹುಡುಗ್ರು ಈಗ ಹುಟ್ಟಲ್ಲ ಕಣಯ್ಯ" ಎಂದ. ಊರಿನಲ್ಲಿ ಈಗ ನನಗೆ ಮೊದಲಿಗಿಂತ ಹೆಚ್ಚು ಕರೆ ಬರುತ್ತಿದೆ. ಜುಮಾದಿಲ್‌ನ ಬಾಯಲ್ಲಿ ಬಂದ ಮಾತು ಅಲ್ಮಾ-ಅತಾದಲ್ಲೂ ನಿಲ್ಲುತ್ತದೆ ಎನ್ನುತ್ತಿದ್ದಾರೆ.

ಮೊಣಕಾಲಿಗೆ ಬ್ಯಾಜರ್ ಪ್ರಾಣಿಯ ಕೊಬ್ಬು ಕಳಿಸಿದ್ದೇನೆ. ಬಿಸಿ ಮಾಡಿ ತಿಕ್ಕು, ಉಣ್ಣೆ ಸುತ್ತು. ವಾಸನೆಗೆ ಕೋಣೆಯವರು ಓಡಿಹೋದರೆ ಮಂಚಕ್ಕೆ ಜಾಗವಾಯಿತು. ಜೊತೆಗೆ ಕರುಳಿನಲ್ಲಿ ಕುದುರೆ ಮಾಂಸ ತುಂಬಿದ ಕಾಜಿ ಎರಡು ಇದೆ. ಆ ವಿತ್ಯಾನಿಗೂ ಒಂದು ತುಂಡು ಕೊಡು, ಬಾಯಿ ಮುಚ್ಚಲಿ.

ಜುಮಾದಿಲ್

*

ಅಲ್ಮಾ-ಅತಾ, 12 ಫೆಬ್ರುವರಿ 1985

ಮಾಮನಿಗೆ,

ಕಾಜಿ ಎಲ್ಲರೂ ತಿಂದರು. ಕೊಬ್ಬು ತಿಕ್ಕಿದೆ.

ಸೋದರಳಿಯ ಸೋದರಮಾವನ ಮನೆಯಲ್ಲಿ ಮೂರು ಸಲ ಏನು ಕೇಳಿದರೂ ಮಾವ ಇಲ್ಲ ಎನ್ನುವಂತಿಲ್ಲ, ಅಲ್ಲವೇ? ಐದು ವರ್ಷದವನಿದ್ದಾಗ ಹಣೆಯ ಮೇಲೆ ಬಿಳಿ ಇರುವ ಕುದುರೆಮರಿ ಕೇಳಿದೆ, ಕೊಟ್ಟಿರಿ. ಹನ್ನೆರಡರಲ್ಲಿ ನಿಮ್ಮ ಕೆಂಪು ಕೀಲುಮೂಳೆ ಕೇಳಿದೆ. ನಿಮ್ಮಪ್ಪನಿಂದ ಬಂದದ್ದಾದರೂ ಕೊಟ್ಟಿರಿ. ಮೂರನೆಯದನ್ನು ಮದುವೆಗೆ ಇಟ್ಟುಕೊ ಎಂದು ಅಮ್ಮ ಹೇಳುತ್ತಿದ್ದಳು.

ಈಗಲೇ ಕೇಳುತ್ತೇನೆ. ಬನ್ನಿ ಮಾಮ. ನನ್ನ ಮುಂದೆ ನಿಂತು ಅಂಗೈ ಬಿಚ್ಚಿ ಆ ಬಾತಾವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮಾರ್ಚ್ ಹದಿನೇಳಕ್ಕೆ ಕೊನೆಯ ಆಟ. ಗೆದ್ದರೆ ಮೇಲಿನ ದರ್ಜೆಗೆ ಹೋಗುತ್ತೇವೆ. ಅದಕ್ಕೆ ಮೊದಲು ಬಂದರೆ ಸಾಕು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀರಿ. ನಿಲ್ದಾಣಕ್ಕೆ ನಾನೇ ಬರುತ್ತೇನೆ, ನನ್ನನ್ನು ಹುಡುಕುವುದು ಕಷ್ಟವಾಗದು.

ಊರಿನ ನೆನಪಾಗಿ ಕರೆಯುತ್ತಿದ್ದೇನೆ ಎಂದುಕೊಳ್ಳಬೇಡಿ.

ಶಿನ್‌ಬೋಲತ್

*

ಸರಿಬುಲಾಕ್, 24 ಫೆಬ್ರುವರಿ 1985

ಅಳಿಯ,

ಊರಿನ ನೆನಪಲ್ಲ ಎಂದು ಬರೆದವನಿಗೆ ಇರುವುದೆಲ್ಲ ಊರಿನ ನೆನಪೇ. ನಾನೂ ಇಪ್ಪತ್ತರ ವಯಸ್ಸಿನಲ್ಲಿ ಸೇನೆಯಿಂದ ಅಮ್ಮನಿಗೆ ಇಂಥದ್ದೇ ಕಾಗದ ಬರೆದಿದ್ದೆ.

ಮೂರನೆಯದನ್ನು ಇಲ್ಲ ಎನ್ನಲಿಲ್ಲ, ಬರೆದಿಟ್ಟುಕೋ. ಈಗ ಮಾತ್ರ ಆಗದು. ಮಾರ್ಚ್ ಮಧ್ಯದವರೆಗೆ ಉಗ್ರಾಣದಲ್ಲಿ ದಾಸ್ತಾನು ತಪಾಸಣೆ. ನಾನು ಕದಲಿದರೆ ಮಳೆಗೆ ಕರಗಿದ ಸಕ್ಕರೆಯ ಬಗ್ಗೆ ಯಾರಾದರೂ ಆಕಾಶದ ಕಡೆ ನೋಡಿ ಪ್ರಶ್ನೆ ಕೇಳುತ್ತಾರೆ.

ಅಷ್ಟು ಅವಸರವಿದ್ದರೆ ಈ ಕಾಗದದಲ್ಲೇ ಹೇಳುತ್ತೇನೆ: ನಾನು ಜುಮಾದಿಲ್, ನನ್ನ ಬಾತಾ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಎಸೆಯಬೇಕೆನಿಸಿದರೆ ಒಂದೋ ಎರಡೋ ಎಸಿ, ಚಪಲ ತೀರಲಿ. ತಪ್ಪಿದರೆ ನನ್ನ ಹೆಸರು ಎತ್ತಬೇಡ.

ಜುಮಾದಿಲ್

*

ಅಲ್ಮಾ-ಅತಾ, 5 ಮಾರ್ಚ್ 1985

ಮಾಮನಿಗೆ,

ಕಾಗದ ಬಂತು. ಎರಡು ಸಲ ಓದಿದೆ. ವಿತ್ಯಾ, "ಸಹಿ ಇದೆಯಲ್ಲೋ, ಇನ್ನೇನ್ ಬೇಕು ನಿಂಗೆ, ಮೊಹರಾ?" ಎಂದ.

ಇಡೀ ಮನೆಯ ಮುಂದೆ ಅಂಗೈ ಬಿಚ್ಚಿ ಹೇಳಿದ್ದನ್ನು ಅಂಚೆಯಲ್ಲಿ ವಾಪಸು ಪಡೆಯಲು ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಗದದ ಮುಂದೆ ಔಮಿನ್ ಎಂದು ನೋಡಿದೆ. ಮುಖ ಸವರಿಕೊಳ್ಳಲು ಕೈ ಬರಲಿಲ್ಲ.

ಪರವಾಗಿಲ್ಲ. ತಪಾಸಣೆ ಸುಸೂತ್ರವಾಗಿ ಮುಗಿಯಲಿ.

ಶಿನ್‌ಬೋಲತ್

*

ಸರಿಬುಲಾಕ್, 19 ಮಾರ್ಚ್ 1985

ನನ್ನ ಸಿಂಹವೇ!

ರೇಡಿಯೊ ಸುತ್ತ ಇಪ್ಪತ್ತು ಜನ ಕೂತಿದ್ದೆವು. ಕೊನೆಯ ನಿಮಿಷದಲ್ಲಿ ಎಷ್ಟು ಗದ್ದಲವೆಂದರೆ ಹೇಳುವವನ ಮಾತು ಒಂದೂ ಕೇಳಿಸಲಿಲ್ಲ. ಕೊನೆಗೆ, ಆ ಬಾಯಿಬಡುಕ ವಿತ್ಯಾ ಎರಡು ಎಸೆತ ಹಾಕಿದ, ಒಂದು ಅಂಕದಲ್ಲಿ ಗೆದ್ದೆವು ಎಂದು ಗೊತ್ತಾಯಿತು. ಸಪಾರ್ ಅಜ್ಜ ಟೋಪಿ ಎಸೆದ, ಅದು ಒಲೆಗೆ ಬಿತ್ತು.

ನೋಡಿದೆಯಾ? ಬುಡದಲ್ಲಿ ಗೂಟ ಗಟ್ಟಿಯಾಗಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ.

ಇನ್ನೊಂದು ಸುದ್ದಿ. ನಿಮ್ಮ ತಂಡವನ್ನು ಸಾಕುವ ಕಟ್ಟಡ ಇಲಾಖೆಯವರು ಝಿಗುಲಿ ಕಾರಿನ ಸರತಿಯಲ್ಲಿ ನನ್ನ ಹೆಸರನ್ನು ಒಂಬತ್ತು ವರ್ಷ ಮುಂದಕ್ಕೆ ತಂದರು, ನಿನ್ನ ಮಾಮ ಎಂಬ ಒಂದೇ ಕಾರಣಕ್ಕೆ. ಹದಿಮೂರನೇ ತಾರೀಖು ಖುದ್ದಾಗಿ ಸಹಿ ಹಾಕಿ ತಂದೆ. ಬಣ್ಣ ಹಾಲುಗೆನೆಯದು. ನೀನು ಬಂದಾಗ ಮುಂದಿನ ಸೀಟು ಕಿತ್ತು ಹಿಂದೆ ಕೂರಿಸಿ ಊರೆಲ್ಲ ಸುತ್ತಿಸುತ್ತೇನೆ.

ಕುಲ್ಯಾಶ್ ನಿನ್ನೆಯೇ ರೈಲು ಹತ್ತಿದಳು. ಗೆದ್ದ ಮಗನನ್ನು ನೋಡುವ ಅವಸರಕ್ಕೆ ನನಗೂ ಹೇಳಲಿಲ್ಲ.

ಜುಮಾದಿಲ್

*

ಸರಿಬುಲಾಕ್, 28 ಏಪ್ರಿಲ್ 1985

ಶಿನ್‌ಬೋಲತ್,

ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ಕುಲ್ಯಾಶ್ ಇನ್ನೂ ಬಂದಿಲ್ಲ. ಟೆಲಿಫೋನ್ ಮಾಡಿದರೆ ನಿಮ್ಮ ಕೋಚ್, "ಹುಡುಗ ಬರೀತಾನೆ, ಬರೀತಾನೆ" ಎಂದು ಇಟ್ಟುಬಿಟ್ಟ. ಕಾರಿನ ವಿಷಯಕ್ಕೆ ಕೋಪವೇ? ತಪಾಸಣೆ ಎಂದು ಬರೆದೆ, ನಿಜ. ತಪಾಸಣೆ ಫೆಬ್ರುವರಿಯಲ್ಲೇ ಮುಗಿದಿತ್ತು, ನಿಜ. ಸಹಿಯ ದಿನ ಗೊತ್ತಾಗಿರಲಿಲ್ಲ, ಕರೆದಾಗ ನಾನು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬನ ಪಾಲಾಗುತ್ತಿತ್ತು. ಅಷ್ಟಕ್ಕೆ ಮಾತು ಬಿಡುವುದೇ?

ಒಂದು ಸಾಲು ಬರಿ.

*

ಅಲ್ಮಾ-ಅತಾ, 9 ಜೂನ್ 1985

ಮಾಮನಿಗೆ,

ಕಾರಿನ ವಿಷಯ ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದದಿಂದಲೇ ತಿಳಿಯಿತು. ಕೋಪವಿಲ್ಲ. ನನ್ನ ಕಾಲಿನ ವಿಷಯ ಹೇಳಬೇಡ ಎಂದು ಅಮ್ಮನಿಗೆ ನಾನೇ ಅಂದಿದ್ದೆ. ಎರಡನೆಯ ಶಸ್ತ್ರಚಿಕಿತ್ಸೆ ಆಗಲಿ, ಒಳ್ಳೆಯ ಸುದ್ದಿಯನ್ನೇ ಬರೆಯೋಣ ಎಂದು ಕಾದೆ. ಅದೂ ಆಯಿತು. ಈಗ ಕಾಯಲು ಏನೂ ಉಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊಣಕಾಲು ನವೆಂಬರಿನಿಂದಲೇ ಕೆಟ್ಟಿತ್ತು. ಬೆಚ್ಚಗಿದೆ ಎಂದು ಬರೆದಿದ್ದೆ. ರಾತ್ರಿ ಹೊದಿಕೆಯ ಭಾರವೂ ತಡೆಯುತ್ತಿರಲಿಲ್ಲ. ಪ್ರತಿ ಆಟಕ್ಕೆ ಮುಂಚೆ ಸಿರಿಂಜಿನಲ್ಲಿ ನೀರು ತೆಗೆಯುತ್ತಿದ್ದರು. ಬರೆದರೆ ನೀವು ಹೆದರಿ ಬಾತಾ ವಾಪಸು ತೆಗೆದುಕೊಳ್ಳುತ್ತೀರಿ, ಅದು ಕೇಳಿ ಪಡೆದದ್ದಾಗುವುದಿಲ್ಲ, ಹೆದರಿಸಿ ಕಸಿದದ್ದಾಗುತ್ತದೆ ಎನಿಸಿತು.

ಕೊನೆಯ ಆಟದಲ್ಲಿ ಒಂದು ಅಂಕ ಹಿಂದೆ ಇದ್ದೆವು. ಕೆಲವೇ ಸೆಕೆಂಡು ಉಳಿದಿತ್ತು. ಯಾರದೋ ಕೈ ತಾಗಿ ಚೆಂಡು ಬುಟ್ಟಿಯಿಂದ ದೂರಕ್ಕೆ ಉರುಳಿತು. ನಾನು ಓಡಿ ಹಿಡಿದೆ. ಎತ್ತಿ ನೋಡಿದರೆ ಕಾಲ ಕೆಳಗೆ ಹೊಸ ಗೀಟು. ಸುತ್ತ ಯಾರೂ ಇಲ್ಲ. ನಾನು ಎಸೆಯುವುದಿಲ್ಲ ಎಂದು ಎದುರಿನವರಿಗೂ ಗೊತ್ತಿತ್ತು, ಅದಕ್ಕೇ ನನ್ನನ್ನು ಬಿಟ್ಟು ಬುಟ್ಟಿಯ ಕೆಳಗೆ ಕಾಯುತ್ತಿದ್ದರು. ಕೋಚ್ ಕಿರುಚಿದರು, "ಎಸಿ! ಎಸಿಯೋ, ದೇವರಾಣೆ ಎಸಿಯೋ!" ವಿತ್ಯಾ ತಲೆ ಮೇಲೆ ಕೈಯಿಟ್ಟುಕೊಂಡಿದ್ದ. ಕೈ ತಾನಾಗಿ ಮೇಲಕ್ಕೆ ಹೋಯಿತು ಮಾಮ. ಬೀಳುತ್ತಿತ್ತು, ನನಗೆ ಗೊತ್ತು. ಅಷ್ಟರಲ್ಲಿ ನಿಮ್ಮ ಬಿಚ್ಚಿದ ಅಂಗೈ ಕಣ್ಣ ಮುಂದೆ ಬಂತು.

ಕೈ ಇಳಿಸಿ ಒಳಗೆ ಹೋದೆ. ಹಾರಿದೆ. ಇಬ್ಬರು ಬಡಿದರು. ಇಳಿಯುವಾಗ ಒಬ್ಬನ ಪಾದದ ಮೇಲೆ ಇಳಿದೆ. ಸದ್ದು ಮೇಲಿನ ಸಾಲಿನವರೆಗೂ ಕೇಳಿಸಿತಂತೆ. ಅವರು ಬಡಿದ ತಪ್ಪಿಗೆ ನನಗೆ ಸಿಕ್ಕ ಎರಡು ಎಸೆತವನ್ನು ನನ್ನ ಬದಲು ವಿತ್ಯಾ ಹಾಕಿದ. ಹಾಕುವಾಗ ಅಳುತ್ತಿದ್ದನಂತೆ.

ಕಾಲು ಇನ್ನು ಮಡಚುವುದಿಲ್ಲ. ಕೋಲು ಹಿಡಿದು ನಡೆಯಬಹುದು ಎನ್ನುತ್ತಾರೆ. ನನ್ನ ಅಳತೆಯ ಕೋಲು ಇಲ್ಲ, ಬಡಗಿಗೆ ಹೇಳಿದ್ದಾರೆ.

ಕೆಂಪು ಕೀಲುಮೂಳೆ ದಿಂಬಿನ ಕೆಳಗಿದೆ. ಬಾಗಿಲ ಹತ್ತಿರ ಒಂದು ಬಕೆಟ್ಟು ಇಟ್ಟಿದ್ದಾರೆ. ಮಲಗಿದಲ್ಲಿಂದಲೇ ಎಸೆಯುತ್ತೇನೆ. ಅಮ್ಮ ಎತ್ತಿಕೊಡುತ್ತಾಳೆ. ಇಲ್ಲಿಯವರೆಗೆ ಒಂದೂ ತಪ್ಪಿಲ್ಲ.

ಶಿನ್‌ಬೋಲತ್

*

ಸರಿಬುಲಾಕ್, 2 ಸೆಪ್ಟೆಂಬರ್ 1985

ಶಿನ್‌ಬೋಲತ್,

ಅಕ್ಷರ ಓದಲು ಕಷ್ಟವಾದರೆ ಕುಲ್ಯಾಶ್‌ಗೆ ಕೊಡು. ಜುಲೈನಲ್ಲಿ ನಿನ್ನ ಆಸ್ಪತ್ರೆಯಿಂದ ಬಂದಾಗಿನಿಂದ ಬಲಗೈ ನಡುಗುತ್ತಿದೆ. ಸೋದರಳಿಯನನ್ನು ಹೊಡೆದವನ ಕೈ ನಡುಗುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿ ಹೆದರಿಸುತ್ತಾರೆ. ನಾನು ನಿನ್ನ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಹರಸಲು ಎತ್ತಿದ್ದು ಒಂದು ಸಲ. ವೈದ್ಯ, "ಸಕ್ಕರೆ ಕಾಯಿಲೆ ಇರಬಹುದು" ಎಂದ. "ಉಗ್ರಾಣದಲ್ಲಿ ನನ್ನ ಹತ್ತಿರ ಇದ್ದದ್ದು ಅದೊಂದೇ" ಎಂದೆ. ಅವನು ನಗಲಿಲ್ಲ, ನಾನೂ ನಗಲಿಲ್ಲ.

ನಿನ್ನ ಮಂಚದ ಪಕ್ಕ ನಿಂತು ಅಂಗೈ ಬಿಚ್ಚಿ ಬಾತಾ ಹಿಂದಕ್ಕೆ ತೆಗೆದುಕೊಂಡಾಗ, ನೀನು ಮಲಗಿದಲ್ಲೇ ಔಮಿನ್ ಎಂದು ಮುಖ ಸವರಿಕೊಂಡೆ. "ಬಂದ್ರಲ್ಲ ಮಾಮ, ಸಾಕು" ಎಂದೆ. ಬೈದಿದ್ದರೆ ರೈಲಿನಲ್ಲಿ ನಿದ್ದೆ ಬರುತ್ತಿತ್ತು. ಹೌದು, ರೈಲಿನಲ್ಲಿ. ಕಾರು ತರಲಿಲ್ಲ. ಕೊಟ್ಟಿಗೆಯಲ್ಲಿದೆ, ಕೋಳಿಗಳು ಮೊಟ್ಟೆ ಇಡುತ್ತಿವೆ.

ಈಗ ಜನ ಬಾತಾಕ್ಕೆ ಕರೆದರೆ ಹೋಗುವುದಿಲ್ಲ. ಸಪಾರ್ ಅಜ್ಜನ ಮೊಮ್ಮಗನ ಮದುವೆಗೆ ಹೋಗಿದ್ದೆ. ಎದ್ದು ನಿಂತೆ, ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಕೂತೆ.

ಹತ್ತಕ್ಕೆ ಏಳು, ಹತ್ತಕ್ಕೆ ನಾಲ್ಕು ಎಂದು ಬರೆದು ಕಳಿಸಿದೆನಲ್ಲ, ಆ ಲೆಕ್ಕವನ್ನು ಮತ್ತೆ ಮಣಿಚೌಕಟ್ಟಿನ ಮೇಲೆ ಹಾಕಿದೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ನೀನು ಎಷ್ಟು ಸಲ ಕೆಳಗೆ ಇಳಿಯಬೇಕು ಎನ್ನುವುದಕ್ಕೆ ನಾನು ಮಣಿಯನ್ನೇ ಇಟ್ಟಿರಲಿಲ್ಲ. ಬೇರೆಯವರ ಹುಡುಗರು ಉದ್ದವಿದ್ದೂ ದೂರದಿಂದ ಎಸೆಯುತ್ತಾರಂತೆ ಈಗ. ಪತ್ರಿಕೆಯಲ್ಲಿ ಓದಿದೆ. ಯಾರೂ ನಗುವುದಿಲ್ಲವಂತೆ.

ಹೋದ ಸೆಪ್ಟೆಂಬರಿನಲ್ಲಿ ಖರ್ಚು ಬರೆದಿದ್ದೆ. ಗಳಿಕೆಯನ್ನೂ ಬರೆದು ಮುಗಿಸುತ್ತೇನೆ, ನನಗೆ ಬೇರೆ ರೀತಿ ಬರುವುದಿಲ್ಲ. ತಂಡಕ್ಕೆ ಮೇಲಿನ ದರ್ಜೆ. ಗೆನ್ರಿಖ್ ಆದಮೊವಿಚ್‌ಗೆ ಪದಕ. ಅದನ್ನು ಅವನು ಮೇಜಿನ ಒಳಗಿಟ್ಟಿದ್ದಾನಂತೆ. ವಿತ್ಯಾನಿಗೆ ನಿನ್ನ ಎರಡು ಎಸೆತ. ಸಪಾರ್ ಅಜ್ಜನಿಗೆ ಹೊಸ ಟೋಪಿ. ಕುಲ್ಯಾಶ್‌ಗೆ ಮಗ, ಪೂರ್ತಿಯಾಗಿ, ಆಸ್ಪತ್ರೆ ಬಿಟ್ಟ ಮೇಲೆ ಮನೆಯಲ್ಲೇ. ನನಗೆ ಹಾಲುಗೆನೆ ಬಣ್ಣದ ಕಾರು.

ನಿನಗೆ, ದೂರದಿಂದ ಎಸೆಯಲು ಅಪ್ಪಣೆ.

ಜುಮಾದಿಲ್